ನೀರು ಬಿಟ್ಟುಹೋದ ಮಣ್ಣು

ಪ್ಯಾಕೆಟ್ ಹರಿದು ಆಗತಾನೆ ಹೊರತೆಗೆದ ನೀರಿನ ಫಿಲ್ಟರ್ ಕಾರ್ಟ್ರಿಜ್‌ಗೆ ತೂಕವೆಂಬುದೇ ಇರುವುದಿಲ್ಲ. ಹತ್ತು ಇಂಚು ಉದ್ದ, ಎರಡೂವರೆ ಇಂಚು ದಪ್ಪ, ನಡುವೆ ಈ ತುದಿಯಿಂದ ಆ ತುದಿಗೆ ಬೆಳಕು ಹಾಯುವ ಒಂದು ಕೊಳವೆ, ಮೈಯೆಲ್ಲ ಅಚ್ಚ ಬಿಳಿ. ಕೋಲಾರ ಸೀಮೆಯವರ ಕಣ್ಣಿಗೆ ಅದು ಚಂದ್ರಿಕೆಯೆಂಬ ಬಿದಿರ ತಟ್ಟೆಯಿಂದ ಬಿಡಿಸಿದ ರೇಷ್ಮೆಗೂಡಿನಂತೆಯೇ ಕಾಣುತ್ತದೆ, ಮತ್ತು ಆ ಹೋಲಿಕೆ ರೂಪಕ್ಕೆ ನಿಲ್ಲುವುದಿಲ್ಲ, ಹುಟ್ಟಿನವರೆಗೂ ಹೋಗುತ್ತದೆ. ಕಾರ್ಖಾನೆಯಲ್ಲಿ ಪಾಲಿಪ್ರೊಪಿಲೀನನ್ನು ಕರಗಿಸಿ, ಬಿಸಿಗಾಳಿಯಲ್ಲಿ ಊದಿ, ಕೂದಲಿಗಿಂತ ಎಷ್ಟೋ ತೆಳುವಾದ ಎಳೆಯಾಗಿಸಿ, ತಿರುಗುವ ಸಲಾಕೆಯ ಮೇಲೆ ತಾನೇ ತಾನಾಗಿ ಸುತ್ತಿಕೊಳ್ಳಲು ಬಿಡುತ್ತಾರೆ. ಹುಳು ಹೊರಗಿನಿಂದ ಶುರುಮಾಡಿ ಒಳಕ್ಕೆ ನೇಯುತ್ತಾ ತನ್ನನ್ನೇ ಮರೆಮಾಡಿಕೊಂಡರೆ, ಯಂತ್ರ ಒಳಗಿನಿಂದ ಹೊರಕ್ಕೆ ಸುತ್ತುತ್ತಾ ಬರುತ್ತದೆ, ಒಳಗೆ ಒತ್ತೊತ್ತಾಗಿ, ಹೊರಗೆ ಹೊರಗೆ ಬಂದಂತೆ ಸಡಿಲವಾಗಿ. ಗೂಡಿನೊಳಗೆ ಹುಳು ಇರುತ್ತದೆ. ಇಲ್ಲಿ ಒಳಗಿರುವುದು ಬರೀ ಖಾಲಿ ಜಾಗ, ಮತ್ತು ನೀರು ಹೊರಗಿನ ನಾಲ್ಕೂ ದಿಕ್ಕಿನಿಂದ ನುಸುಳಿ ಬಂದು ಕೂಡಿಕೊಳ್ಳುವುದು ಆ ಖಾಲಿಯಲ್ಲೇ.

ಅಲ್ಲಿಗೆ ಬರುವ ಮುಂಚೆ ನೀರಿಗೆ ಒಂದು ದೀರ್ಘ ನಿರೀಕ್ಷೆಯಿದೆ, ನಮಗೂ ಇದೆ. ನಮ್ಮ ಊರುಗಳಲ್ಲಿ ನಲ್ಲಿಯ ನೀರು ದಿನವೂ ಬರುವ ನೆಂಟನಲ್ಲ. ವಾರಕ್ಕೊಮ್ಮೆಯೋ, ಹತ್ತು ದಿನಕ್ಕೊಮ್ಮೆಯೋ, ಬರುವಾಗಲೂ ನಡುರಾತ್ರಿ ಮೀರಿದ ಯಾವುದೋ ಹೊತ್ತಿನಲ್ಲಿ, ಮೊದಲು ಬರೀ ಉಸಿರು. ಸುಯ್ ಎಂದು ಗಾಳಿ, ಒಂದು ಕೆಮ್ಮು, ಮತ್ತೆ ಗಾಳಿ, ಬೀದಿಯುದ್ದಕ್ಕೂ ಮನೆಮನೆಯ ಮೋಟಾರು ಎಚ್ಚರಗೊಳ್ಳುವ ಗುಂಯ್‌ಗುಡುವಿಕೆ, ಆಮೇಲೆ ಚಹಾದ ಬಣ್ಣದ ಒಂದು ಧಾರೆ. ಇಷ್ಟು ದಿನ ಒಣಗಿ ಮಲಗಿದ್ದ ಪೈಪಿನ ತಳದಲ್ಲಿ ಕೂತ ತುಕ್ಕು, ಒಡೆದ ಕೀಲುಗಳಿಂದ ಒಳಸೇರಿದ ಮಣ್ಣು, ಎಲ್ಲವನ್ನೂ ಮೊದಲ ನೀರು ಎಬ್ಬಿಸಿಕೊಂಡೇ ಬರಬೇಕು. ಬಕೆಟ್ಟಿಗೆ ಹಿಡಿದು ದೀಪದ ಕೆಳಗಿಟ್ಟರೆ ಆ ಕೆಂಪು ನಿಧಾನವಾಗಿ ಸುತ್ತುತ್ತಾ, ಮೋಡ ಕಟ್ಟುತ್ತಾ, ಕದಡುತ್ತಾ, ಯಾವ ಅವಸರವೂ ಇಲ್ಲದೆ ತಳಕ್ಕಿಳಿಯುವುದನ್ನು ನೋಡುತ್ತಾ ನಿದ್ದೆಗೆಟ್ಟವರು ಕೂತಿರುತ್ತಾರೆ. ನಾನೂ ಕೂತಿದ್ದೇನೆ.

ಕೋಲಾರದ ಫಿಲ್ಟರ್ ರಿಪೇರಿ ಅಂಗಡಿಯೊಂದರಲ್ಲಿ, ಬದಲಾಯಿಸಿ ತಂದ ಹಳೆಯ ಕಾರ್ಟ್ರಿಜ್‌ಗಳನ್ನು ಬೆಂಚಿನ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದರು. ಒಂದು ಇಟ್ಟಿಗೆಯ ಕೆಂಪು, ಒಂದು ಬೂದಿಬಣ್ಣ, ಒಂದು ಹಳದಿಗೆ ತಿರುಗಿದ ಕಂದು, ಇನ್ನೊಂದಕ್ಕೆ ಪಾಚಿಯ ಹಸಿರಂಚು. ಮಿಸ್ತ್ರಿ ತಲೆ ಎತ್ತದೆ ಬೆರಳು ಮಾತ್ರ ಆಡಿಸುತ್ತಾ ಹೇಳಿದ: "ಇದು ಶ್ರೀನಿವಾಸಪುರದ್ದು ಸಾರ್, ಮಾವಿನ ತೋಪಿನ ಮಣ್ಣು. ಇದು ಮುಳಬಾಗಿಲು ಕಡೇದು, ಬೋರ್ ನೀರು, ಕಲ್ಲುಪುಡಿ. ಇದು ಮಾಲೂರು. ಇದು ನಮ್ಮ ಟೌನೇ." ಮಾಲೂರಿನದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನನ್ನ ಕೈಗಿಟ್ಟ. ಹೊರಗಿನ ತೊಗಟೆ ಮುಟ್ಟಿದರೆ ಬೆಣ್ಣೆ ಜಾರಿದ ನುಣುಪು, ಹಸಿ ಕೆರೆಯಂಗಳದ ವಾಸನೆ. ಅದರ ಕೆಳಗೆ ಕಾವಿ, ಕಾವಿಯ ಕೆಳಗೆ ತಿಳಿಹಳದಿ, ಅದೂ ಮಾಸುತ್ತಾ ಮಾಸುತ್ತಾ ಕೊನೆಯ ಅರ್ಧ ಬೆರಳಿನಗಲ, ಕೊಳವೆಯ ಸುತ್ತ, ಕಾರ್ಖಾನೆಯಿಂದ ಬಂದ ದಿನದ ಬಿಳಿ ಹಾಗೇ ಉಳಿದಿತ್ತು. ಎಲ್ಲಿ ಯಾವ ಕಣ ನಿಂತಿತೋ ಅಲ್ಲಿ ಅದರ ಬಣ್ಣ. ಇಷ್ಟು ತಿಂಗಳು ಕುಡಿದ ನೀರು ಹೋಗುವಾಗ ತನ್ನ ದಾರಿಯನ್ನೇ ಬರೆದಿಟ್ಟು ಹೋಗಿತ್ತು.

ಆ ಕಣಗಳು ಎಲ್ಲಿಂದ ಹೊರಟವೆಂದು ಹಿಂದಕ್ಕೆ ನಡೆದರೆ ಕಾಲ ಹಾಸುಬಂಡೆಯಾಗಿ ಚಾಚಿಕೊಳ್ಳುತ್ತದೆ. ಮುಳಬಾಗಿಲಿನ ಬೋಳುಗುಡ್ಡಗಳು, ಆವನಿಯ ಬೆಟ್ಟ, ಕೋಲಾರದ ಶತಶೃಂಗ, ಇವೆಲ್ಲ 250 ಕೋಟಿ ವರ್ಷಕ್ಕೂ ಹಿಂದಿನ ಕಲ್ಲು. ಅಲ್ಲಾಡದವು ಎಂದುಕೊಂಡಿದ್ದೇವೆ, ಆದರೆ ಪ್ರತಿ ಮಳೆಗೂ ಅವು ಒಂದಿಷ್ಟು ಕರಗುತ್ತಲೇ ಬಂದಿವೆ. ಬೆಣಚು ಗಟ್ಟಿಯಾದ್ದರಿಂದ ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಮೆತ್ತಗಾಗಿ ಜೇಡಿಯಾಗುತ್ತದೆ. ಕರಿಯ ಕಾಗೆಬಂಗಾರದೊಳಗಿನ ಕಬ್ಬಿಣ ಗಾಳಿ ಸೋಕಿ ತುಕ್ಕು ಹಿಡಿದು ಇಡೀ ಸೀಮೆಗೆ ಕೆಂಪು ಬಳಿಯುತ್ತದೆ. (ನಿಜ ಬಂಗಾರಕ್ಕೆ ಹೆಸರಾದ ಜಿಲ್ಲೆಯಲ್ಲಿ ನಮ್ಮ ಪಾಲಿಗೆ ಧಾರಾಳವಾಗಿ ಸಿಕ್ಕಿದ್ದು ಕಾಗೆಬಂಗಾರವೇ.) ಮಳೆ ಆ ಕೆಂಪನ್ನು ಹೊತ್ತು ಕೆರೆಗಿಳಿಸುತ್ತದೆ, ಕೆರೆ ಅದನ್ನು ಹೂಳಾಗಿ ತಳದಲ್ಲಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿ ಆ ಗೋಡನ್ನು ತಂದು ಹೊಲಕ್ಕೆ ಹರಡುತ್ತಿದ್ದರು, ತೂಬಿನ ಕೀಲಿ ಹಿಡಿದ ನೀರಗಂಟಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಎಣಿಸುತ್ತಿದ್ದ, ಮತ್ತು ಕೆರೆ ಕೋಡಿ ಬಿದ್ದರೆ ಊರೇ ಹೋಗಿ ಅರಿಶಿನ ಕುಂಕುಮ ಹಾಕಿ ಬಾಗಿನ ಕೊಟ್ಟು ಬರುತ್ತಿತ್ತು. ಕಾಯಮ್ಮಾಗಿ ಹರಿಯುವ ನದಿಯಿಲ್ಲದ ನೆಲಕ್ಕೆ ಕೆರೆಯೇ ನದಿ, ಹೂಳೇ ಅದರ ಪ್ರಸಾದ. 2021ರ ನವೆಂಬರ್‌ನಲ್ಲಿ ಬಿಡದೆ ಮಳೆ ಹೊಯ್ದು, ಬೆಳೆ ಕೊಳೆಸಿ, ಎಷ್ಟೋ ವರ್ಷ ಒಣಗಿ ನಿಂತ ಕೆರೆಗಳೂ ಕೋಡಿ ಹರಿದಾಗ ಜನ ಬೈದುಕೊಳ್ಳುತ್ತಲೇ ಹೋಗಿ ನೋಡಿ ಕೈಮುಗಿದು ಬಂದರು.

ಮಾಲೂರಿನ ಕೆರೆಯಂಗಳದ ಜೇಡಿಗೆ ಬೇರೊಂದು ಹಣೆಬರಹ. ಅದು ಗೂಡುಗಳಲ್ಲಿ ಬೆಂದು ಇಟ್ಟಿಗೆಯಾಯಿತು, ಹೆಂಚಾಯಿತು, ಲಾರಿ ಹತ್ತಿ ಬೆಂಗಳೂರಿಗೆ ಹೋಯಿತು, ಅಲ್ಲಿ ಗೋಡೆಯಾಗಿ ನಿಂತಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳು ಅದೇ ಬೆಂಗಳೂರಿನ ಬಚ್ಚಲುಗಳಿಂದ ಇಳಿದ ನೀರನ್ನು ಎರಡು ಹಂತ ಶುದ್ಧೀಕರಿಸಿ ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ತಂದು ಬಿಟ್ಟವು. ದಿನಕ್ಕೆ 44 ಕೋಟಿ ಲೀಟರ್ ಎಂಬುದು ಯೋಜನೆಯ ಲೆಕ್ಕ. ನಮ್ಮ ಕೆರೆಯ ಮಣ್ಣಿನಿಂದ ಕಟ್ಟಿದ ಮನೆಗಳು ತಾವು ಬಳಸಿದ ನೀರನ್ನು ನಮ್ಮ ಕೆರೆಗೆ ಕಳಿಸುತ್ತಿವೆ. ಮೂರನೆಯ ಹಂತವೂ ಶುದ್ಧಿಯಾಗಲಿ ಎಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ, ಆ ಮಾತು ನ್ಯಾಯವಾದದ್ದೆಂದೇ ನನಗೂ ಅನಿಸುತ್ತದೆ. ಆದರೂ, ಕೆರೆಯೇರಿಯ ಮೇಲೆ ನಿಂತು, ದಶಕಗಳ ಜಾಲಿ ಮುಳುಗಿ ನೀರಕ್ಕಿ ತೇಲುತ್ತಿರುವಲ್ಲಿ ಸಂಜೆಗೆಂಪು ಬಿದ್ದದ್ದನ್ನು ನೋಡುವಾಗ, ಬೇಡವೆನ್ನಲು ಬಾಯಿ ಬರುವುದಿಲ್ಲ.

ಕಾರ್ಟ್ರಿಜ್‌ಗೆ ಮರಳುತ್ತೇನೆ, ಏಕೆಂದರೆ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಅದರೊಳಗೆ ನಡೆಯುವ, ಯಾರೂ ನೋಡದ ಒಂದು ಸಂಗತಿ. ಮೇಲೆ 5 ಮೈಕ್ರಾನ್ ಎಂದು ಬರೆದಿರುತ್ತದೆ. ತಲೆಗೂದಲಿನ ದಪ್ಪ ಸುಮಾರು 70, ನೆತ್ತರಿನ ಕೆಂಪುಕಣ ಏಳೆಂಟು, ಬರಿಗಣ್ಣು 40ರ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಜೇಡಿಯ ಕಣವಾದರೋ 2 ಮೈಕ್ರಾನ್‌ಗೂ ಕಡಿಮೆ. ಹೊಸ ಕಾರ್ಟ್ರಿಜ್ ಹಾಕಿದ ಮೊದಲ ದಿನ ಆ ಸಣ್ಣವು ಬಹಳಷ್ಟು ಸರಾಗವಾಗಿ ನುಸುಳಿ ನಮ್ಮ ಲೋಟಕ್ಕೇ ಬಂದುಬಿಡುತ್ತವೆ. ಆದರೆ ದಪ್ಪ ಕಣಗಳು ಎಳೆಗಳಿಗೆ ತಗುಲಿ ನಿಲ್ಲುತ್ತವೆ, ನಿಂತವುಗಳ ಸಂದಿ ಕಿರಿದಾಗುತ್ತದೆ, ಆ ಸಂದಿಗೆ ಅದಕ್ಕಿಂತ ಸಣ್ಣವು ಸಿಕ್ಕುತ್ತವೆ, ಅವುಗಳ ಸಂದಿಗೆ ಇನ್ನೂ ಸಣ್ಣವು, ಹೀಗೆ ದಿನದಿನಕ್ಕೆ ಮಣ್ಣಿನ ಮೇಲೆ ಮಣ್ಣು ಕೂಡುತ್ತಾ, ಯಾವುದನ್ನು ತಡೆಯಬೇಕೆಂದು ಆ ಬಿಳಿ ಎಳೆಗಳನ್ನು ನೂಲಲಾಯಿತೋ ಆ ಕೆಸರೇ ಎಳೆಗಳಿಗಿಂತ ನವಿರಾದ ಜರಡಿಯಾಗಿ ನಿಲ್ಲುತ್ತದೆ. ನೀರು ತನ್ನ ಮಣ್ಣಿನಿಂದಲೇ ತಿಳಿಯಾಗುತ್ತಿದೆ. ಮತ್ತು ನಲ್ಲಿಯ ಧಾರೆ ಸೊರಗಿ ನೂಲಿನೆಳೆಯಷ್ಟಾಗಿ, ಮನೆಯವರು ಬೇಸತ್ತು ಮಿಸ್ತ್ರಿಗೆ ಫೋನು ಮಾಡುವ ಹೊತ್ತಿಗೆ, ಆ ಕಾರ್ಟ್ರಿಜ್ ತನ್ನ ಬಾಳಿನಲ್ಲೇ ಅತಿ ನಯವಾಗಿ ಸೋಸುತ್ತಿರುತ್ತದೆ. ಆಗಲೇ ನಾವದನ್ನು ಕಿತ್ತೆಸೆಯುವುದು. ಎಸೆಯಲೇಬೇಕು, ಕಟ್ಟಿಕೊಂಡ ಕೆಸರಿನಲ್ಲಿ ಕ್ರಿಮಿಗಳೂ ಬೀಡುಬಿಡುತ್ತವೆ. ಎಸೆಯುವಾಗ ಕೈ ಒಂದು ಕ್ಷಣ ತಡೆದರೆ ಅದು ದುಂದಿನ ಚಿಂತೆಯಲ್ಲ.

ಕೊಳಕೇ ಜರಡಿಯಾಗುವುದಕ್ಕೆ ಹಳೆಯ ಸಾಕ್ಷಿಯೂ ಇದೆ. 1892ರಲ್ಲಿ ಜರ್ಮನಿಯ ಎಲ್ಬೆ ನದಿಯ ದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಊರುಗಳಿದ್ದವು. ಹ್ಯಾಂಬರ್ಗ್ ನದಿಯ ನೀರನ್ನು ಸೋಸದೆ ಕುಡಿಯಿತು, ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ತೀರಿಹೋದರು. ಆಲ್ಟೋನಾ ಇದ್ದದ್ದು ಕೆಳಹರಿವಿನಲ್ಲಿ, ಹ್ಯಾಂಬರ್ಗಿನ ಕೊಳೆಯೆಲ್ಲ ಸೇರಿದ ನೀರೇ ಅದರ ಪಾಲಿಗೆ. ಆದರೆ ಅಲ್ಲಿ ಆ ನೀರು ಮರಳಿನ ಹಾಸಿನ ಮೂಲಕ ಮೆಲ್ಲಗೆ ಇಳಿದು ಬರುತ್ತಿತ್ತು, ಊರು ಬಹುಮಟ್ಟಿಗೆ ಉಳಿಯಿತು. ಕಾದದ್ದು ಮರಳಿಗಿಂತ ಹೆಚ್ಚಾಗಿ ಮರಳಿನ ನೆತ್ತಿಯ ಮೇಲೆ ತಾನಾಗಿ ಬೆಳೆದ ಕೊಳಕಿನ ತೆಳುಪೊರೆ, ಜೀವಂತ ಲೋಳೆ. ಇತ್ತ ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಂಗಸರು ಮಡಚಿದ ಸೀರೆಯಲ್ಲಿ ನೀರು ಸೋಸಿದ್ದಕ್ಕೇ ಕಾಲರಾ ಶೇಕಡಾ 48ರಷ್ಟು ಇಳಿಯಿತು. ಅಲ್ಲಿಯೂ ಹೊಸ ಸೀರೆಗಿಂತ ಹಳೆಯದೇ ಮೇಲು. ಒಗೆದು ಒಗೆದು ನೂಲು ಉಬ್ಬಿ, ಎಳೆ ಬಿಚ್ಚಿ, ಸಂದಿ ಮುಚ್ಚಿಕೊಂಡಿರುತ್ತದೆ. ನಮ್ಮ ಮನೆಗಳಲ್ಲೂ ಬಿಂದಿಗೆಯ ಬಾಯಿಗೆ ಕಟ್ಟುತ್ತಿದ್ದದ್ದು ಅಜ್ಜಿಯ ಹಳೇ ಸೀರೆಯ ಸೆರಗನ್ನೇ. ಅಷ್ಟು ಸಲ ಮೈಗೆ, ಬೆವರಿಗೆ, ಬಿಸಿಲಿಗೆ ಸಿಕ್ಕಿ ಸವೆದ ಬಟ್ಟೆಗೆ ಈ ಒಂದು ಗುಣ ಕೊನೆಗೆ ಬರುತ್ತದೆ.

ಸೋಸದೆಯೂ ನೀರು ತಿಳಿಯಾಗುವ ದಾರಿಯುಂಟು. ಮನುಸ್ಮೃತಿಯಲ್ಲಿ ಹೀಗೊಂದು ಮಾತಿದೆ: ಕತಕದ ಕಾಯಿ ಕದಡಿದ ನೀರನ್ನು ತಿಳಿಗೊಳಿಸುವುದು ನಿಜ, ಆದರೆ ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ. ಕತಕವೆಂದರೆ ನಮ್ಮ ಚಿಲ್ಲದ ಮರ. ಅದರ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬಿದರೆ ತೇಲುವ ಕಣಗಳು ಒಂದನ್ನೊಂದು ತಬ್ಬಿ, ಭಾರವಾಗಿ, ತಳ ಸೇರುತ್ತವೆ. ಒಂಟಿಯಾಗಿದ್ದಾಗ ಅವುಗಳಿಗೆ ಇಳಿಯಲು ಬಾರದು, ಜೇಡಿ ಕಣಗಳ ಮೈಮೇಲಿನ ಋಣವಿದ್ಯುತ್ತು ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತದೆ.

ಸೋಸಿದರೂ ಎಲ್ಲವೂ ಸಿಕ್ಕಿಬೀಳುವುದಿಲ್ಲ. ಆ 1892ರಲ್ಲೇ ರಷ್ಯಾದ ವಿಜ್ಞಾನಿ ಇವಾನೊವ್‌ಸ್ಕಿ, ರೋಗ ಹಿಡಿದ ಹೊಗೆಸೊಪ್ಪಿನ ರಸವನ್ನು ಶ್ಯಾಂಬರ್ಲಾನ್ ಎಂಬಾತ ರೂಪಿಸಿದ ಪಿಂಗಾಣಿ ಕ್ಯಾಂಡಲ್‌ನಲ್ಲಿ ಸೋಸಿದ. ಬ್ಯಾಕ್ಟೀರಿಯಾವೆಲ್ಲ ಆ ಬೆಂದ ಮಣ್ಣಿನಲ್ಲೇ ಉಳಿದವು, ಆದರೂ ಸೋಸಿದ ರಸ ಹೊಸ ಎಲೆಗೆ ರೋಗ ತಂದಿತು. ಮಣ್ಣಿನ ಸಂದಿಗೂ ಸಿಗದ ಅದನ್ನೇ ಮುಂದೆ ಲೋಕ ವೈರಸ್ ಎಂದು ಕರೆಯಿತು. ನಮ್ಮ ಸೀಮೆಯಲ್ಲಿ ಹಾಗೆ ಸದ್ದಿಲ್ಲದೆ ದಾಟುವುದು ಫ್ಲೋರೈಡ್. ಸಾವಿರ, ಸಾವಿರದೈನೂರು ಅಡಿಯ ಕೊಳವೆಬಾವಿಯಿಂದ ಬಂದ ನೀರು ಎಷ್ಟೋ ಸಲ ಗಾಜಿನಷ್ಟು ಸ್ವಚ್ಛ, ಕಾರ್ಟ್ರಿಜ್ ಮೇಲೆ ಒಂದು ಕಲೆಯೂ ಇಲ್ಲ, ಆದರೆ ಆಳದ ಬಂಡೆಯ ಸಂಗದಲ್ಲಿ ಬಹುಕಾಲ ಕಳೆದ ಆ ನೀರಿನಲ್ಲಿ ಕಲ್ಲು ಕಣವಾಗಿ ಉಳಿದಿಲ್ಲ, ಪೂರ್ತಿ ಕರಗಿಹೋಗಿದೆ. ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಹಲ್ಲಿನ ಮೇಲೆ ಕಂದು ಗೆರೆ ಮೂಡಬಹುದು. ಇನ್ನೂ ಹೆಚ್ಚು ಇದ್ದು ವರ್ಷಗಟ್ಟಲೆ ಕುಡಿದರೆ ಮೂಳೆಯೂ ಬಾಗುತ್ತದೆ. ಕೆಂಪು ನೀರಿಗೆ ಹೆದರಿ ತಿಳಿನೀರನ್ನು ನಂಬುವ ನಮ್ಮ ಕಣ್ಣಿಗೆ ಇದು ತಿಳಿಯದು. ಅದಕ್ಕೇ ಹಳ್ಳಿಯ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು ಕ್ಯಾನು ಸಾಲಿಟ್ಟು ನಿಲ್ಲುವುದು.

ಶತಶೃಂಗದ ಮೆಟ್ಟಿಲು ಹತ್ತಿ ಅಂತರಗಂಗೆಗೆ ಹೋದರೆ ಕಲ್ಲಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ಎಷ್ಟು ಮಳೆ, ಯಾವ ವರ್ಷದ ಮಳೆ, ಯಾವ ಬಂಡೆಯ ಬಿರುಕಿನಲ್ಲಿ ತಡೆತಡೆದು ತನ್ನ ಕೆಂಪನ್ನೆಲ್ಲ ಬಿಟ್ಟು ಬಂತೆಂದು ಕೇಳುವವರಿಲ್ಲ. ಭಕ್ತರು ಬೊಗಸೆ ಒಡ್ಡುತ್ತಾರೆ, ಹಲವರು ಕ್ಯಾನು ತಂದಿರುತ್ತಾರೆ, ಕೋತಿಗಳು ಎರಡನ್ನೂ ಕಸಿಯಲು ಹೊಂಚುತ್ತವೆ. ಬಂಡೆಯ ಆ ಸೋಸುಗಕ್ಕೆ ಕಾರ್ಟ್ರಿಜ್ ಬದಲಾಯಿಸುವವರು ಯಾರೂ ಇಲ್ಲ.

ಅಂಗಡಿಯಿಂದ ಹೊರಡುವ ಮುನ್ನ ಮಿಸ್ತ್ರಿಯನ್ನು ಕೇಳಿದೆ, ಬಣ್ಣ ನೋಡಿಯೇ ಊರು ಹೇಳುವುದು ಯಾವಾಗಲೂ ಸರಿಹೋಗುತ್ತದೆಯೇ ಎಂದು. ನಕ್ಕ. "ಮೊದಲು ಆಗ್ತಿತ್ತು ಸಾರ್. ಈಗ ಯರಗೋಳ್ ಡ್ಯಾಂ ನೀರೂ ಬಂತಲ್ಲ, ಬಂಗಾರಪೇಟೆ, ಮಾಲೂರು, ಕೋಲಾರ ಮೂರಕ್ಕೂ ಅದೇ. ಅದು ಬರದ ದಿನ ಬೋರು, ಬೋರು ಕೆಟ್ಟರೆ ಟ್ಯಾಂಕರ್ರು. ಎಲ್ಲಾ ಒಂದೇ ಸಂಪಿಗೆ ಬೀಳ್ತವೆ." 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಆ ಜಲಾಶಯ ಮಾರ್ಕಂಡೇಯ ನದಿಯದು, ಅದರ ಮಣ್ಣಿನ ಬಣ್ಣ ಹೇಗಿರುತ್ತದೆಂದು ಕೇಳಿದ್ದಕ್ಕೆ ಅವನು ಬೆಂಚಿನ ಮೇಲಿನವನ್ನು ಒಂದೊಂದಾಗಿ ತಿರುಗಿಸಿ ನೋಡಿ, ಇನ್ನೊಂದು ಮಳೆಗಾಲ ಕಳೆಯಲಿ, ಆಮೇಲೆ ಹೇಳ್ತೀನಿ ಅಂದ.