ಬಲ, ಸರಿ, ಹಕ್ಕು

ಇಂಗ್ಲಿಷಿನ ‘ರೈಟ್’ ಎಂಬ ಪದವನ್ನು ತುರ್ಕಿ ಭಾಷೆಗೆ ತರಲು ಕೂತವನು ಮೊದಲು ‘ಯಾವ ರೈಟ್?’ ಎಂದು ಕೇಳಿಕೊಳ್ಳಲೇಬೇಕು. ರಸ್ತೆಯ ಬಲಬದಿಯಾದರೆ ‘ಸಾ’. ಲೆಕ್ಕದ ಉತ್ತರ ಸರಿಯಾಗಿದೆ ಎನ್ನುವುದಾದರೆ ‘ದೋರು’. ವೋಟು ಹಾಕುವ ಹಕ್ಕಾದರೆ ‘ಹಕ್’. ತ್ರಿಕೋನದ 90 ಡಿಗ್ರಿ ಕೋನಕ್ಕೆ ಈ ಮೂರೂ ಒದಗುವುದಿಲ್ಲ, ಅಲ್ಲಿಗೆ ‘ದಿಕ್’ ಬೇಕು, ಕಡಿದಾಗಿ ನೆಟ್ಟಗೆ ನಿಂತದ್ದು ಎಂದು ಅದರ ಅರ್ಥ. ಎದುರಿನವರ ಮಾತಿಗೆ ‘ಆಲ್ ರೈಟ್’ ಎಂದು ತಲೆಯಾಡಿಸುವುದಾದರೆ ‘ತಮಾಮ್’. ನಿಘಂಟು ಇವಕ್ಕೆಲ್ಲ ಅಂಕಿ ಹಾಕಿ ಒಂದರ ಕೆಳಗೊಂದು ಬರೆದು ಕೈತೊಳೆದುಕೊಳ್ಳುತ್ತದೆ. ಇಷ್ಟು ಅರ್ಥಗಳು ಒಂದೇ ಪದದೊಳಗೆ ಯಾಕೆ ಬಂದು ಕೂತವು, ಕೂತದ್ದರಿಂದ ಆ ಭಾಷೆಯವರ ಯೋಚನೆಗೆ ಏನಾಯಿತು ಎಂಬುದು ಅದರ ತಲೆನೋವಲ್ಲ.

ಕನ್ನಡಿಗರಿಗೆ ಇದೇನೂ ಹೊಸ ತೊಡಕಲ್ಲ. ನಮಗೂ ಬಲ, ಸರಿ, ಹಕ್ಕು, ಲಂಬ ಎಂದು ಬೇರೆ ಬೇರೆ ಪದಗಳೇ ಬೇಕು. (ನಮ್ಮ ಬಸ್ ಕಂಡಕ್ಟರ್ ‘ರೈಟ್ ರೈಟ್’ ಎಂದು ಕೂಗಿದಾಗ ಅದಕ್ಕೆ ‘ಹೊರಡು’ ಎಂಬ ಇನ್ನೊಂದು ಅರ್ಥವೂ ಇದೆ. ಅದನ್ನು ಸದ್ಯಕ್ಕೆ ಬದಿಗಿಡೋಣ.) ನನ್ನನ್ನು ಕಾಡುವುದು ಇವುಗಳಲ್ಲಿ ಎರಡೇ, ಸರಿ ಮತ್ತು ಹಕ್ಕು. ಎರಡಕ್ಕೂ ಒಂದೇ ಹೆಸರಿಟ್ಟುಕೊಂಡ ಭಾಷೆಯಲ್ಲಿ ಒಂದು ನಂಬಿಕೆ ಸದ್ದಿಲ್ಲದೆ ಮನೆಮಾಡುತ್ತದೆ: ನನಗೆ ಹಕ್ಕಿರುವುದನ್ನು ನಾನು ಮಾಡಿದರೆ ನಾನು ಮಾಡಿದ್ದು ಸರಿ. ಜೆರೆಮಿ ವಾಲ್ಡ್ರನ್ ಎಂಬ ತತ್ತ್ವಶಾಸ್ತ್ರಜ್ಞ 1981ರಲ್ಲಿ ‘ತಪ್ಪು ಮಾಡುವ ಹಕ್ಕು’ ಎಂಬರ್ಥದ ಶೀರ್ಷಿಕೆಯಲ್ಲಿ ಒಂದು ಲೇಖನ ಬರೆದ. ಇಂಗ್ಲಿಷಿನಲ್ಲಿ ಆ ಶೀರ್ಷಿಕೆ ಓದಿದ ಕೂಡಲೇ ಏನೋ ವಿರೋಧಾಭಾಸ ಕೇಳಿಸುತ್ತದೆ, ರೈಟ್ ಇರುವ ಕಡೆ ತಪ್ಪು ಹೇಗೆ ಬಂತು ಎಂದು. ತುರ್ಕಿಯಲ್ಲಾಗಲಿ ಕನ್ನಡದಲ್ಲಾಗಲಿ ಹೇಳಿ ನೋಡಿ, ಅಂಥ ಬೆರಗೇನೂ ಹುಟ್ಟುವುದಿಲ್ಲ. ಹಕ್ಕಿರುವವರು ತಪ್ಪು ಮಾಡುವುದನ್ನು ದಿನಾ ನೋಡುತ್ತೇವಲ್ಲ ಎನ್ನಿಸುತ್ತದೆ.

ಇಂಗ್ಲಿಷ್ ಇಲ್ಲಿ ಒಂಟಿಯಲ್ಲ. ಜರ್ಮನಿನ ‘ರೆಶ್ಟ್’, ಫ್ರೆಂಚಿನ ‘ದ್ರುವಾ’ ಕೂಡ ಇದೇ ದಾರಿ ತುಳಿದವು. ಎಲ್ಲದರ ಬುಡದಲ್ಲಿರುವುದು ‘ನೇರ’ ಎಂಬ ಅರ್ಥ. ನೇರವಾದದ್ದು ಸರಿಯಾದದ್ದಾಯಿತು, ಸರಿಯಾದದ್ದು ಕಾನೂನಾಯಿತು, ಕಾನೂನು ಕೊಟ್ಟದ್ದು ಹಕ್ಕಾಯಿತು. ಇದು ಯುರೋಪಿನ ಜನ ಸಾವಿರ ವರ್ಷ ಯೋಚಿಸಿ ಕಂಡುಕೊಂಡ ಸತ್ಯ ಎಂದು ಯಾರಾದರೂ ವಾದಿಸಿದರೆ ತಕ್ಷಣ ತಳ್ಳಿಹಾಕುವುದು ಕಷ್ಟ. ಆದರೆ ತುರ್ಕಿಯ ‘ದೋರು’ವನ್ನು ನೋಡಿ. ಅದೂ ಮೊದಲು ‘ನೇರ’ವೇ. ರೇಖಾಗಣಿತದಲ್ಲಿ ಸರಳರೇಖೆಗೆ ಅದೇ ಪದ. ಪ್ರಾಮಾಣಿಕ ಮನುಷ್ಯನೂ ದೋರು, ನಿಜವಾದ ಮಾತೂ ದೋರು. ‘ಮನೆಯ ಕಡೆಗೆ’, ‘ಬೆಳಗಿನ ಹೊತ್ತಿಗೆ’ ಎನ್ನುವಾಗಿನ ‘ಕಡೆಗೆ’ಯೂ ದೋರುವೇ. ಇಷ್ಟೆಲ್ಲ ದೂರ ಸಾಗಿದ ಪದ ಹಕ್ಕಿನ ಬಾಗಿಲವರೆಗೆ ಮಾತ್ರ ಹೋಗಲಿಲ್ಲ. ಹೊರಟ ಜಾಗ ಒಂದೇ ಆದರೂ ತಲುಪಿದ ಊರು ಬೇರೆ. ಅಂದಮೇಲೆ ನೇರದಿಂದ ಹಕ್ಕಿಗೆ ಹೋಗುವ ದಾರಿ ಯೋಚನೆಯ ಅನಿವಾರ್ಯವಲ್ಲ, ಕೆಲವು ಭಾಷೆಗಳ ರೂಢಿ. ‘ಸಾ’ದ ಕತೆಯೂ ಸ್ವಾರಸ್ಯದ್ದೇ. ಅದಕ್ಕೆ ಬಲಬದಿ ಎಂಬ ಅರ್ಥದ ಜೊತೆಗೆ ಜೀವಂತ, ಆರೋಗ್ಯವಂತ ಎಂಬ ಅರ್ಥಗಳೂ ಇವೆ. ಥ್ಯಾಂಕ್ಸ್ ಎನ್ನುವ ಬದಲು ತುರ್ಕರು ‘ಸಾ ಓಲ್’ ಎನ್ನುತ್ತಾರೆ, ಚೆನ್ನಾಗಿ ಬಾಳು ಎಂದು. ಕಸುವಿರುವ ಕೈಗೆ ಬಲಗೈ ಎಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ‘ಹಕ್’ ಎಲ್ಲಿಂದ ಬಂತು? ಅರಬ್ಬಿಯಿಂದ. ಕಾನೂನು ಎಂಬರ್ಥದ ‘ಹುಕುಕ್’ ಅದರದೇ ಬಹುವಚನ. ಕಾನೂನು ಎಂದರೆ ಹಕ್ಕುಗಳ ಗುಂಪು ಎಂದಾಯಿತು. 1928ರಲ್ಲಿ ಲಿಪಿ ಬದಲಿಸಿ, 1932ರಲ್ಲಿ ಭಾಷಾ ಸಂಸ್ಥೆ ಕಟ್ಟಿ, ಅರಬ್ಬಿ ಪಾರ್ಸಿ ಪದಗಳನ್ನು ಹೊರಗಟ್ಟಲು ಹೊರಟ ಗಣರಾಜ್ಯ ಈ ಮನೆತನವನ್ನೂ ಮುಟ್ಟಿ ನೋಡಿತು. ರೇಖಾಗಣಿತದ ಮಟ್ಟಿಗೆ ಆ ಕೆಲಸ ಚೆನ್ನಾಗಿಯೇ ಆಯಿತು. ಅತಾತುರ್ಕ್ ತಾನೇ ಬರೆದು, 1937ರಲ್ಲಿ ತನ್ನ ಹೆಸರಿಲ್ಲದೆ ಪ್ರಕಟಿಸಿದ ಪುಟ್ಟ ಪುಸ್ತಕದ ಪದಗಳನ್ನೇ ತುರ್ಕಿಯ ಮಕ್ಕಳು ಇವತ್ತಿಗೂ ಕಲಿಯುತ್ತಾರೆ. ಹುಕುಕ್‌ಗೆ ಬದಲಾಗಿ ‘ತ್ಯುಜೆ’ ಎಂಬ ಪದವನ್ನೂ ತಂದರು. ಅದರಿಂದ ಹುಟ್ಟಿದ ಒಂದೆರಡು ಮರಿಪದಗಳು ಬದುಕಿದವೇ ಹೊರತು ತಾಯಿಪದ ಜನರ ಬಾಯಲ್ಲಿ ನಿಲ್ಲಲಿಲ್ಲ. ಹಕ್ ಕದಲಲೇ ಇಲ್ಲ. ತ್ರಿಕೋನದ ಹೆಸರು ಬದಲಾದರೆ ಯಾರ ಎದೆಯೂ ಉರಿಯುವುದಿಲ್ಲ, ಹಕ್‌ನ ವಿಷಯ ಹಾಗಲ್ಲ.

ಪದ ಬೇರೆಯಾದರೆ ಯೋಚನೆಯೂ ಬೇರೆಯಾಗುತ್ತದೆ ಎಂದು ಹೇಳಿಬಿಡುವ ಆಸೆ ಇಲ್ಲಿ ಹುಟ್ಟುತ್ತದೆ. ಇಂಗ್ಲಿಷರಿಗೆ ಸರಿ, ಹಕ್ಕು ಎರಡೂ ಒಂದೇ ಪದವಾದ್ದರಿಂದ ಅವರು ಅವನ್ನು ಬೆರೆಸುತ್ತಾರೆ, ತುರ್ಕರು ಬೇರ್ಪಡಿಸುತ್ತಾರೆ ಎಂದು. ನನಗೆ ಈ ವಾದದಲ್ಲಿ ನಂಬಿಕೆ ಇಲ್ಲ. ಕಾರಣ, ಎಡ್ವರ್ಡ್ ಪಿಕಲ್ಸ್.

ಈತ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಬಳಿಯ ಜಮೀನುದಾರ. ಊರಿಗೆ ಕುಡಿಯುವ ನೀರು ಒದಗಿಸುವ ಬುಗ್ಗೆಗಳಿಗೆ ಈತನ ನೆಲದಡಿಯಿಂದಲೇ ನೀರು ಜಿನುಗಿ ಬರುತ್ತಿತ್ತು. ಪಿಕಲ್ಸ್ ತನ್ನ ಜಮೀನಿನಲ್ಲಿ ಗುಂಡಿ ತೋಡಿಸಿ, ಸುರಂಗ ಕೊರೆಸಿ ಆ ನೀರನ್ನು ಬೇರೆ ಕಡೆ ತಿರುಗಿಸಲು ಹೊರಟ. ಊರಿನ ಕಾರ್ಪೊರೇಷನ್ ಕೋರ್ಟಿಗೆ ಹೋಯಿತು: ಇವನಿಗೆ ನೀರೂ ಬೇಡ, ಕಲ್ಲೂ ಬೇಡ, ನಮ್ಮ ಕೈ ತಿರುಚಿ ಒಳ್ಳೆ ಬೆಲೆಗೆ ಜಮೀನು ಮಾರುವುದಷ್ಟೇ ಬೇಕು. ಇರಬಹುದು, ಆದರೆ ತನ್ನ ನೆಲದಲ್ಲಿ ಅಗೆಯುವ ಹಕ್ಕು ಅವನಿಗಿದೆ, ಮನಸ್ಸಿನಲ್ಲಿ ಏನಿತ್ತು ಎಂಬುದು ನಮಗೆ ಬೇಕಿಲ್ಲ ಎಂದು 1895ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಸರಿ ಮತ್ತು ಹಕ್ಕಿಗೆ ಒಂದೇ ಪದ ಇಟ್ಟುಕೊಂಡ ದೇಶದ ಅತಿ ದೊಡ್ಡ ನ್ಯಾಯಪೀಠ ಅವೆರಡನ್ನೂ ಕತ್ತಿಯಲ್ಲಿ ಸೀಳಿದಂತೆ ಬೇರೆ ಮಾಡಿ ತೋರಿಸಿತು.

ಇನ್ನು ತುರ್ಕಿಗೆ ಬನ್ನಿ. 1926ರಲ್ಲಿ ಅದು ಸ್ವಿಸ್ ನಾಗರಿಕ ಸಂಹಿತೆಯನ್ನು ಫ್ರೆಂಚ್ ಪಾಠದಿಂದ ಅನುವಾದಿಸಿ ತನ್ನದಾಗಿಸಿಕೊಂಡಿತು. ಅದರ ಎರಡನೆಯ ವಿಧಿ, 2002ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದೇ ಎರಡನೆಯ ವಿಧಿ, ಹೇಳುವುದೇನೆಂದರೆ ಹಕ್ಕನ್ನು ಚಲಾಯಿಸುವವರು ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು, ಹಕ್ಕಿನ ಸ್ಪಷ್ಟ ದುರುಪಯೋಗಕ್ಕೆ ಕಾನೂನಿನ ರಕ್ಷಣೆ ಇಲ್ಲ. ಪಿಕಲ್ಸ್ ಅನಾಟೋಲಿಯಾದಲ್ಲಿ ಹುಟ್ಟಿದ್ದರೆ ಅವನ ವಕೀಲರು ಬೆವರಬೇಕಾಗುತ್ತಿತ್ತು. ಸರಿಗೂ ಹಕ್ಕಿಗೂ ಬೇರೆ ಬೇರೆ ಪದ ಇರುವ ಭಾಷೆ ಅವೆರಡಕ್ಕೂ ಗಂಟು ಹಾಕಿದ ಕಾನೂನನ್ನು ಒಪ್ಪಿಕೊಂಡಿತು. ಇನ್ನೂ ತಮಾಷೆ ಎಂದರೆ, ಹಕ್ಕಿನ ದುರುಪಯೋಗ ಎಂಬ ಮಾತೇ ಅರ್ಥಹೀನ, ದುರುಪಯೋಗ ಶುರುವಾದಲ್ಲಿ ಹಕ್ಕು ಮುಗಿಯಿತು ಎಂದು ಹಟ ಹಿಡಿದದ್ದು ಮಾರ್ಸೆಲ್ ಪ್ಲಾನಿಯೋಲ್ ಎಂಬ ಫ್ರೆಂಚ್ ನ್ಯಾಯಶಾಸ್ತ್ರಿ. ಅವನ ‘ದ್ರುವಾ’ದಲ್ಲಿ ಕಾನೂನು, ಹಕ್ಕು, ನೇರ ಎಲ್ಲ ಒಟ್ಟಿಗೇ ಇದ್ದವು. ಅವನಿಗೆ ಆ ಗೊಂದಲ ಎದುರಾದದ್ದರಲ್ಲಿ ಅವನ ಭಾಷೆಯ ಪಾಲಿದೆ ಎಂದು ನನಗನ್ನಿಸುತ್ತದೆ. ಉತ್ತರವನ್ನಂತೂ ಭಾಷೆ ತೀರ್ಮಾನಿಸಲಿಲ್ಲ. ಫ್ರಾನ್ಸಿನ ಕೋರ್ಟುಗಳು ಅವನ ಹಟವನ್ನು ಲೆಕ್ಕಿಸದೆ ದುರುಪಯೋಗದ ತತ್ತ್ವವನ್ನು ಬೆಳೆಸಿಕೊಂಡು ಹೋದವು. ಯಾವ ಪ್ರಶ್ನೆ ತಾನಾಗಿ ಏಳುತ್ತದೆ, ಯಾವುದನ್ನು ಕಷ್ಟಪಟ್ಟು ಎಬ್ಬಿಸಬೇಕಾಗುತ್ತದೆ ಎಂಬುದರಲ್ಲಷ್ಟೇ ಪದಗಳ ಕೈವಾಡ.

ಈ ದೃಷ್ಟಿಯಿಂದ ನೋಡಿದರೆ ಹಕ್ ಒಂದು ಅಸಾಧಾರಣ ಪದ. ತುರ್ಕಿಯಲ್ಲಿ ಅದು ಹಕ್ಕೂ ಹೌದು, ಸತ್ಯವೂ ಹೌದು, ದೊಡ್ಡಕ್ಷರದಲ್ಲಿ ಬರೆದರೆ ದೇವರೂ ಹೌದು. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜ್ ‘ನಾನೇ ಹಕ್’ ಎಂದನೆಂಬ ಪ್ರತೀತಿಯಲ್ಲಿರುವುದು ಈ ಕೊನೆಯ ಅರ್ಥ. 1921ರಲ್ಲಿ ಅಂಗೀಕಾರವಾದ ತುರ್ಕಿಯ ರಾಷ್ಟ್ರಗೀತೆಯನ್ನು ಬರೆದ ಮೆಹ್ಮೆತ್ ಆಕಿಫ್ ಎರ್ಸೊಯ್ ಅದರ ಒಂದು ಸಾಲಿನಲ್ಲಿ ಹಕ್ ಪದವನ್ನು ಬೆನ್ನುಬೆನ್ನಿಗೆ ಎರಡು ಸಲ ಬಳಸಿದ್ದಾನೆ, ಮೊದಲನೆಯದು ಜನರ ಹಕ್ಕು, ಎರಡನೆಯದು ಜನ ಪೂಜಿಸುವ ದೇವರು. ಕಾಗದದ ಮೇಲೆ ದೊಡ್ಡಕ್ಷರ ಭೇದ ತೋರಿಸುತ್ತದೆ, ಹಾಡುವಾಗ ಕಿವಿಗೆ ಯಾವ ಭೇದವೂ ಇಲ್ಲ. ವಾದದಲ್ಲಿ ಎದುರಿನವರ ಮಾತು ಒಪ್ಪಿದಾಗ ತುರ್ಕರು ‘ಹಕ್ಲಿಸಿನ್’ ಎನ್ನುತ್ತಾರೆ, ಹಕ್ ನಿನ್ನ ಕಡೆ ಇದೆ ಎಂದು. ಮೋಸ ಮಾಡಿದವನು ಇನ್ನೊಬ್ಬರ ಹಕ್ಕನ್ನು ‘ತಿಂದ’. ಸರಿ ಮತ್ತು ಹಕ್ಕಿನ ನಂಟನ್ನು ದೋರು ಎಂಬ ಮುಂಬಾಗಿಲಿಂದ ಹೊರಗೆ ಹಾಕಿದ ತುರ್ಕಿ ಹಕ್ ಎಂಬ ಹಿತ್ತಿಲ ಬಾಗಿಲಿಂದ ಒಳಗೆ ಕರೆದುಕೊಂಡಿದೆ.

ನಮ್ಮ ‘ಹಕ್ಕು’ ಈ ಪದದ ದಾಯಾದಿ. ಸುಲ್ತಾನರ, ನವಾಬರ ಕಾಲದ ಪಾರ್ಸಿ ಆಡಳಿತದ ಕಡತಗಳ ಜೊತೆ ನಮ್ಮಲ್ಲಿಗೆ ಬಂತು. ಬರುವಾಗ ದೇವರನ್ನೂ ಸತ್ಯವನ್ನೂ ಹಿಂದೆ ಬಿಟ್ಟು ಬಂತು. ಕನ್ನಡದಲ್ಲಿ ಅದಕ್ಕೆ ಅಂಟಿಕೊಂಡದ್ದು ಕಾಗದ: ಹಕ್ಕುಪತ್ರ, ಹಕ್ಕುದಾರ, ಹಕ್ಕುಬಾಧ್ಯತೆ. ಬಗರ್ ಹುಕುಂ ಜಮೀನಿನಲ್ಲಿ ತಲೆಮಾರಿನಿಂದ ಉಳುತ್ತಿರುವ ರೈತ ‘ನ್ಯಾಯವಾಗಿ ಇದು ನಂದೇ, ಹಕ್ಕುಪತ್ರ ಇನ್ನೂ ಬಂದಿಲ್ಲ’ ಎನ್ನುತ್ತಾನೆ. ನ್ಯಾಯ ಅವನ ಬೆವರಿನಲ್ಲಿದೆ, ಹಕ್ಕು ತಾಲ್ಲೂಕು ಕಚೇರಿಯಲ್ಲಿದೆ. ತುರ್ಕಿಯಲ್ಲಾದರೆ ಎರಡಕ್ಕೂ ಒಂದೇ ಹಕ್ ಸಾಕು, ‘ಹಕ್ ಮಾಡುವುದು’ ಎಂದರೆ ಅಲ್ಲಿ ಅರ್ಹತೆ ಗಳಿಸುವುದು.

ಆದರೆ ಹಕ್‌ನ ನಿಜವಾದ ಆಳ ಕಾಣುವುದು ಮಸೀದಿಯ ಅಂಗಳದಲ್ಲಿ, ಶವಪೆಟ್ಟಿಗೆಯ ಮುಂದೆ. ಕಲ್ಲಿನ ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟಿರುತ್ತಾರೆ. ಇಮಾಮ್ ಸೇರಿದವರ ಕಡೆ ತಿರುಗಿ ಸತ್ತವರನ್ನು ಹೇಗೆ ಬಲ್ಲಿರಿ ಎಂದು ಕೇಳುತ್ತಾನೆ. ಒಳ್ಳೆಯವರೆಂದು ಬಲ್ಲೆವು ಎನ್ನುತ್ತಾರೆ. ಆಮೇಲಿನ ಪ್ರಶ್ನೆ: ನಿಮ್ಮ ಹಕ್ಕನ್ನು ಹೆಲಾಲ್ ಮಾಡುತ್ತೀರಾ? ಸತ್ತವರ ಮೇಲೆ ನಿಮಗಿರುವ ಬಾಕಿಯನ್ನು ಮನಸಾರೆ ಬಿಟ್ಟುಕೊಡುತ್ತೀರಾ ಎಂದು. ‘ಹೆಲಾಲ್ ಓಲ್ಸುನ್’ ಎಂಬ ಉತ್ತರ ಗುಂಪಿನಿಂದ ಬರುತ್ತದೆ. ಹಜ್ ಯಾತ್ರೆಗೆ ಹೊರಟವರೂ, ಊರು ಬಿಟ್ಟು ಹೋಗುವವರೂ ಬದುಕಿರುವಾಗಲೇ ಇದನ್ನು ಕೇಳಿಕೊಳ್ಳುತ್ತಾರೆ. ಇದರ ಹಿಂದಿರುವುದು ‘ಕುಲ್ ಹಕ್ಕು’, ಒಬ್ಬ ಮನುಷ್ಯನಿಗೆ ಇನ್ನೊಬ್ಬನಿಂದ ಸಲ್ಲಬೇಕಾದ್ದು. ದೇವರ ಬಾಕಿಯನ್ನು ದೇವರು ಮನ್ನಿಸಿಯಾನು, ಮನುಷ್ಯನ ಬಾಕಿಯನ್ನು ಆ ಮನುಷ್ಯನೇ ಮನ್ನಿಸಬೇಕು ಎಂಬುದು ಅಲ್ಲಿನ ಜನರ ಗಟ್ಟಿ ನಂಬಿಕೆ.

ವೆಸ್ಲಿ ಹೊಫೆಲ್ಡ್ ಎಂಬ ಅಮೆರಿಕದ ಕಾನೂನು ಪಂಡಿತ 1913ರಲ್ಲಿ, ನ್ಯಾಯಾಧೀಶರು ‘ರೈಟ್’ ಎಂಬ ಒಂದೇ ಪದದಲ್ಲಿ ನಾಲ್ಕು ಬೇರೆ ವಿಷಯಗಳನ್ನು ಕಲಸಿಬಿಡುತ್ತಾರೆ ಎಂದು ದೂರಿದ. ಅವನ ಪ್ರಕಾರ ಕಟ್ಟುನಿಟ್ಟಾದ ಅರ್ಥದ ಹಕ್ಕು ಒಂದೇ: ನನಗೆ ಹಕ್ಕಿದೆ ಎಂದರೆ ಇನ್ನೊಬ್ಬ ಗೊತ್ತಾದ ವ್ಯಕ್ತಿಗೆ ಕರ್ತವ್ಯವಿದೆ. ಇಂಗ್ಲಿಷ್ ಓದುಗರಿಗೆ ಇದನ್ನು ಮನಗಾಣಿಸಲು ಅವನಿಗೆ ದೀರ್ಘ ಪ್ರಬಂಧವೇ ಬೇಕಾಯಿತು. ಮಸೀದಿಯಂಗಳದಲ್ಲಿ ನಿಂತ ತರಕಾರಿ ಅಂಗಡಿಯವನಿಗೆ ಅದು ಮೊದಲೇ ಗೊತ್ತು. ತನ್ನ ಹಕ್ ಇರುವುದು ತನ್ನ ಜೇಬಿನಲ್ಲಲ್ಲ, ಆ ಪೆಟ್ಟಿಗೆಯಲ್ಲಿ ಮಲಗಿದವನ ಬಳಿ.

ಕನ್ನಡದಲ್ಲಿ ಈ ಜಾಗವನ್ನು ತುಂಬಿರುವುದು ಋಣ. ತಾಯಿಯ ಹಕ್ಕನ್ನು ತೀರಿಸಲಾಗದು ಎನ್ನುತ್ತಾರೆ ತುರ್ಕರು, ತಾಯಿಯ ಋಣ ತೀರಿಸಲಾಗದು ಎನ್ನುತ್ತೇವೆ ನಾವು. ಅವರದು ‘ಉಪ್ಪು-ರೊಟ್ಟಿಯ ಹಕ್’, ನಮ್ಮದು ಉಪ್ಪಿನ ಋಣ. ಮಾತು ಒಂದೇ, ಬರೆದಿಟ್ಟ ಪುಸ್ತಕ ಬೇರೆ. ಅವರು ಕೊಟ್ಟವರ ಖಾತೆಯಲ್ಲಿ ಬರೆದರು, ನಾವು ಪಡೆದವರ ಖಾತೆಯಲ್ಲಿ ಬರೆದುಕೊಂಡೆವು. ಇದರಿಂದ ಸಣ್ಣದಲ್ಲದ ವ್ಯತ್ಯಾಸವಾಗುತ್ತದೆ. ಹಕ್ಕನ್ನು ಅದರ ಒಡತಿ ಬಿಟ್ಟುಕೊಡಬಹುದು, ಬಿಟ್ಟುಕೊಡೆನು ಎಂದೂ ಹೇಳಬಹುದು. ಕೊನೆಯ ಮಾತು ಅವಳದು. ಋಣದಲ್ಲಿ ಅವಳಿಗೆ ಆ ಅಧಿಕಾರವಿಲ್ಲ. ‘ನಿನ್ನ ಋಣ ತೀರಿತು ಹೋಗಪ್ಪ’ ಎಂದು ತಾಯಿ ಹೇಳಿದರೆ ಅದು ಬಿಡುಗಡೆಯಂತೆ ಕೇಳುವುದಿಲ್ಲ, ಸಂಬಂಧ ಕಡಿದುಕೊಂಡಂತೆ ಕೇಳುತ್ತದೆ. ಋಣ ಹೊತ್ತವನ ಮನಸ್ಸನ್ನು ಮೆದುಗೊಳಿಸುತ್ತದೆ, ನಿಜ. ಆದರೆ ಕೊಟ್ಟವರನ್ನು ಬಾಯಿಲ್ಲದವರನ್ನಾಗಿ ಮಾಡುತ್ತದೆ. ಇದೊಂದು ವಿಷಯದಲ್ಲಿ ನನ್ನ ಮತ ತುರ್ಕರ ಕಡೆಗೆ.

ಋಣದ ಇನ್ನೊಂದು ಮಿತಿ ಸಾರ್ವಜನಿಕ ಹಣದ ವಿಷಯ ಬಂದಾಗ ಕಾಣುತ್ತದೆ. ಖಜಾನೆಗೆ ಕೈಹಾಕಿದವನ ಬಗ್ಗೆ ತುರ್ಕಿಯಲ್ಲಿ ಒಂದು ನುಡಿಗಟ್ಟಿದೆ: ಅವನು ತಿಂದದ್ದು ಮೈಮೇಲೆ ಕೂದಲೂ ಮೊಳೆಯದ ಅನಾಥ ಕೂಸಿನ ಹಕ್ಕು. ಆ ಕೂಸಿಗೆ ಮಾತು ಬರುವುದಿಲ್ಲ, ಹೆಲಾಲ್ ಎನ್ನಲು ಗೊತ್ತಿಲ್ಲ. ಇಡೀ ನಾಡಿನಲ್ಲಿ ಹರಡಿರುವ ಅಂಥ ಕೂಸುಗಳನ್ನು ಹುಡುಕಿ ಹೋಗಿ ಕ್ಷಮೆ ಬೇಡುವುದೂ ಸಾಧ್ಯವಿಲ್ಲ. ಕದ್ದವನು ಬಾಕಿದಾರನಾಗಿಯೇ ಸಾಯಬೇಕು. ನಮ್ಮ ಋಣ ಇಲ್ಲಿ ಏನೂ ಹೇಳಲಾರದು, ಏಕೆಂದರೆ ಯಾರಾದರೂ ಕೈಯಾರೆ ಕೊಟ್ಟಾಗಲೇ ಋಣ ಹುಟ್ಟುವುದು. ರಸ್ತೆ ಕಾಮಗಾರಿಯ ಬಿಲ್ಲಿನಲ್ಲಿ ಪಾಲು ತಿಂದವನಿಗೆ ಯಾರೂ ಏನೂ ಕೊಟ್ಟಿಲ್ಲ, ಅವನೇ ಎತ್ತಿಕೊಂಡಿದ್ದಾನೆ. ಅವನು ಋಣಿ ಎಂದರೆ ಮಾತು ನಗೆಪಾಟಲಾಗುತ್ತದೆ. ಅದಕ್ಕೇ ನಾವು ‘ಬಡವರ ಶಾಪ ತಟ್ಟುತ್ತೆ’ ಎನ್ನುತ್ತೇವೆ. ಶಾಪ ತಟ್ಟಿತೋ ಇಲ್ಲವೋ ನೋಡಿಕೊಳ್ಳುವವರು ಯಾರೂ ಇಲ್ಲ, ಕೂಸಿನ ಹೆಸರಿನಲ್ಲಿ ಬಾಕಿಯೂ ಉಳಿಯುವುದಿಲ್ಲ.