ಕ್ರೀಮಿನ ಬೆಲೆ ಮತ್ತು ಮೆಣಸಿನಕಾಯಿಯ ಉರಿ

ಅಮೆರಿಕದ 'ಲಾ ಮೇರ್' ಎಂಬ ಬ್ರಾಂಡಿನ ಮುಖದ ಕ್ರೀಮು 30 ಮಿಲಿಲೀಟರಿನ ಡಬ್ಬಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನಮ್ಮ ರೂಪನಗುಡಿಯ ಹೆಣ್ಣುಮಗಳೊಬ್ಬಳು ಇಪ್ಪತ್ತೇಳು ದಿನ ಮಣ್ಣು ಹೊತ್ತು, ಒಂದು ಪೈಸೆ ಖರ್ಚು ಮಾಡದೆ ಕೂಡಿಟ್ಟರೂ ಹತ್ತು ಸಾವಿರಕ್ಕೆ ಇನ್ನೂ ಹತ್ತು ರೂಪಾಯಿ ಕಡಿಮೆ ಬೀಳುತ್ತದೆ.

ಇಷ್ಟು ಹೇಳಿದರೆ ತೀರ್ಪು ಆಗಿಹೋದಂತೆ ಅನ್ನಿಸುತ್ತದೆ. ನನಗೆ ಮಾತ್ರ ಈ ಲೆಕ್ಕದ ಬಗ್ಗೆ ಗುಮಾನಿಯಿದೆ. ಕೂಲಿಯ ದಿನಗಳಲ್ಲಿ ಅಳೆಯಲು ಹೊರಟರೆ ನಾಲ್ಕು ವರ್ಷದಿಂದ ನಾನು ಬರೆಯುತ್ತಿರುವ ಪಿಎಚ್.ಡಿ. ಪ್ರಬಂಧವೂ ಉಳಿಯುವುದಿಲ್ಲ, ಪುಸ್ತಕ, ಸಂಗೀತ ಕಛೇರಿ, ದೇವರ ತೇರು ಯಾವುದೂ ಉಳಿಯುವುದಿಲ್ಲ. ದುಬಾರಿ ಎನ್ನುವುದು ಬೇರೆ, ಬೆಲೆಗೆ ತಕ್ಕುದಲ್ಲ ಎನ್ನುವುದು ಬೇರೆ.

ಹಾಗಾದರೆ ಡಬ್ಬಿಯೊಳಗೆ ಇರುವುದೇನು? ಚರ್ಮದ ಹೊರಪದರದಿಂದ ನೀರು ಸದಾ ಆವಿಯಾಗುತ್ತಿರುತ್ತದೆ. ಮಾಯಿಶ್ಚರೈಸರ್ ಮಾಡುವ ಕೆಲಸ ಸರಳ: ಗ್ಲಿಸರಿನ್‌ನಂಥ ವಸ್ತು ನೀರನ್ನು ಹಿಡಿದಿಡುತ್ತದೆ, ಪೆಟ್ರೋಲಿಯಂ ಜೆಲ್ಲಿಯಂಥದ್ದು ಮೇಲೆ ಮುಚ್ಚಳ ಹಾಕುತ್ತದೆ, ಎಣ್ಣೆಯಂಶ ಒರಟನ್ನು ನಯ ಮಾಡುತ್ತದೆ. ಲಾ ಮೇರ್‌ನ ಮೂಲ ಕ್ರೀಮಿನ ಪಟ್ಟಿಯಲ್ಲೂ ಕಡಲಪಾಚಿಯ ಸಾರದ ಬೆನ್ನಿಗೇ ಬರುವುದು ಮಿನರಲ್ ಆಯಿಲ್, ಪೆಟ್ರೋಲಿಯಂ ಜೆಲ್ಲಿ, ಗ್ಲಿಸರಿನ್. ಈ ಜೆಲ್ಲಿಗೆ ರಾಬರ್ಟ್ ಚೀಸ್‌ಬ್ರೋ 1872ರಲ್ಲೇ ಪೇಟೆಂಟ್ ಪಡೆದಿದ್ದ. ಇವತ್ತು ಅದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಚಿಕ್ಕ ಡಬ್ಬಿಯಲ್ಲಿ ಸಿಗುತ್ತದೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಮ್ಮೂರು ಹಚ್ಚುವುದು ಅದನ್ನೇ.

ಮಿಕ್ಕ ಹಣ ಹೋಗುವುದು ಕಥೆಗೆ. ಮ್ಯಾಕ್ಸ್ ಹ್ಯೂಬರ್ ಎಂಬ ಭೌತವಿಜ್ಞಾನಿ ಪ್ರಯೋಗಾಲಯದಲ್ಲಿ ಸುಟ್ಟ ಗಾಯಕ್ಕೆ ಮದ್ದು ಹುಡುಕುತ್ತ, ವರ್ಷಗಟ್ಟಲೆ ಪ್ರಯೋಗ ಮಾಡಿ ಕಡಲಪಾಚಿಯನ್ನು ಹುದುಗಿಸಿದ ಎಂಬುದು ಕಂಪನಿ ಹೇಳುವ ಕಥೆ. ಕಥೆಗೆ ದುಡ್ಡು ಕೊಡುವುದು ತಪ್ಪೆಂದು ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಹೇಳಲಾರೆ. ನಮ್ಮ ಸರ್ಕಾರವೇ ಕಥೆ ಮಾರಿದೆ: 1916ರಲ್ಲಿ ಹುಟ್ಟಿದ ಸರ್ಕಾರಿ ಸಾಬೂನು ಕಾರ್ಖಾನೆಯ ವಾರಸುದಾರ ಸಂಸ್ಥೆ 2012ರಲ್ಲಿ 'ಮೈಸೂರು ಸ್ಯಾಂಡಲ್ ಮಿಲೇನಿಯಂ' ಎಂಬ 150 ಗ್ರಾಂ ಸೋಪನ್ನು 720 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಹಚ್ಚಿದ ಮರುಕ್ಷಣ ತೊಳೆದುಹೋಗುವ ವಸ್ತು! ಆದರೂ ಅಲ್ಲಿ ನಿಜವಾದ ಗಂಧದೆಣ್ಣೆಗೆ, ಇಳಕಲ್ ಸೀರೆಯಲ್ಲಿ ನೇಕಾರಳ ದಿನಗಳಿಗೆ ಹಣ ಸಲ್ಲುತ್ತದೆ ಎಂದು ಸಮಾಧಾನ ಪಡಬಹುದು.

ಮುಖದ ಕ್ರೀಮಿನಲ್ಲಿ ಮೂರನೆಯದೊಂದು ಪಾಲಿದೆ, ಭಯದ ಪಾಲು. ಈ ಭಯವನ್ನು ಕಂಪನಿ ಒಂಟಿಯಾಗಿ ಹುಟ್ಟಿಸಿದ್ದಲ್ಲ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ ಹೆಸರಿನಿಂದ 'ಫೇರ್' ಅನ್ನು ಕಳಚಿ 'ಗ್ಲೋ' ಹಾಕಿಕೊಂಡಿತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತ "ಹುಡುಗಿ ಬಣ್ಣ ಸ್ವಲ್ಪ ಕಡಿಮಿ ಆತು" ಅನ್ನುವುದೇನೂ ನಿಂತಿಲ್ಲ. ಕಂಪನಿ ಡಬ್ಬಿಯ ಮೇಲೆ ಬೆಲೆ ಅಚ್ಚು ಹಾಕುವ ಮುಂಚೆಯೇ ಗಂಡಿನ ಕಡೆಯವರು ಅದನ್ನು ನಿಗದಿ ಮಾಡಿರುತ್ತಾರೆ.

ಬೆಂಗಳೂರಿನ ದೊಡ್ಡ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ ಕೆಲಸ ಮಾಡುವ ಗೆಳತಿ ಇಂಥ ದುಬಾರಿ ಕ್ರೀಮೊಂದರ ಪುಟ್ಟ ಮಾದರಿ ಡಬ್ಬಿಯನ್ನು ನನಗೆ ಕೊಟ್ಟಿದ್ದಳು. ಊರಿಗೆ ಹೋದಾಗ ದೊಡ್ಡವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಬಂದಿದ್ದಳು. "ಇದನ್ನ ಹಚ್ಚಿದ್ರ ಕೈ ಉರಿ ನಿಲ್ತೈತೇನವ್ವ?" ಕೇಳಿದ್ದು ಅದೊಂದೇ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ಕಷ್ಟ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಬರೀ ನೀರಲ್ಲಿ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕು, ಈ ಕ್ರೀಮು ಅದಕ್ಕಿಂತ ಹೆಚ್ಚೇನೂ ಮಾಡಲ್ಲ ಅಂದೆ. "ಹಂಗಾದ್ರ ಮುಖಕ್ಕರ ಹಚ್ಚು. ನನ್ನ ಕೈ ಖಾರ ಐತಿ, ನೀನ ಹಚ್ಚು" ಅಂತ ಮುಖ ಮುಂದೆ ಮಾಡಿದಳು. ಹಚ್ಚಿದೆ. ವಾಸನೆ ಚಲೋ ಐತಿ ಅಂದಳು.

ಬೆಲೆ ಹೇಳಿದ್ದರೆ ಬಹುಶಃ ಬೈಯುತ್ತಿದ್ದಳು. ನಾನು ಹೇಳಲಿಲ್ಲ. ಬಡವರ ಸಣ್ಣ ಸುಖಕ್ಕೆ ಮಾತ್ರ ನಾವು ಯಾವಾಗಲೂ ರಸೀದಿ ಕೇಳುತ್ತೇವೆ. ಹತ್ತು ರೂಪಾಯಿ ಸ್ಯಾಶೆ ಕೊಂಡ ಕೂಲಿಯವಳನ್ನು ನೋಡಿ "ಇವರಿಗೆ ಇದೆಲ್ಲ ಯಾಕೆ" ಎನ್ನುವ ಬಾಯಿ, ಹತ್ತು ಸಾವಿರದ ಡಬ್ಬಿಯ ಮುಂದೆ "ಅವರವರ ಇಷ್ಟ" ಎಂದು ಉದಾರವಾಗುತ್ತದೆ. ಈ ಉದಾರತೆ ಇಬ್ಬರಿಗೂ ಸಲ್ಲಬೇಕು, ಇಲ್ಲವೆ ಇಬ್ಬರಿಗೂ ಬೇಡ.

ನನ್ನ ಅಭಿಪ್ರಾಯವನ್ನು ಗೆಳತಿಗೆ ನೇರವಾಗಿಯೇ ಹೇಳಿದೆ: ಚರ್ಮದ ಮಟ್ಟಿಗೆ ಅದು ಬೆಲೆಗೆ ತಕ್ಕುದಲ್ಲ, ವಾಸನೆ, ಗಾಜಿನ ಡಬ್ಬಿ, ಕಥೆ ಇವಕ್ಕೆ ಖುಷಿಯಿಂದ ಕೊಡುವುದಾದರೆ ಕೊಡು, ಹೆದರಿಕೊಂಡು ಕೊಡಬೇಡ. ಅವಳು ನಕ್ಕಳು. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಲಿನನ್ ಅಂಗಿಯ ಮಾತೆತ್ತುತ್ತಾನೆ: ಬದುಕಲು ಅದು ಬೇಕೇಬೇಕೆಂದಿಲ್ಲ, ಆದರೆ ತನ್ನ ಕಾಲದ ದಿನಗೂಲಿಯವನು ಅದಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಹಾಗಾಗಿ ಅದೂ ಅಗತ್ಯ ವಸ್ತುವೇ. ಗೆಳತಿಗೆ ಸ್ಮಿತ್ ಗೊತ್ತಿಲ್ಲ. ಆದರೆ ಅವಳು ಕೇಳಿದ್ದು ಅದನ್ನೇ: "ಕೌಂಟರಲ್ಲಿ ನಿಲ್ಲೋದು ನನ್ನ ಮುಖ ಕಣೆ, ಹೆದರಿಕೆ ಬಿಡು ಅಂತ ನಮ್ಮ ಮ್ಯಾನೇಜರಿಗೆ ಯಾರು ಹೇಳ್ತಾರೆ?"

ಔಷಧದ ಅಂಗಡಿಯ ಮುನ್ನೂರು ರೂಪಾಯಿಯ, ವಾಸನೆಯಿಲ್ಲದ ಕ್ರೀಮು ಹಚ್ಚಿಕೊಂಡು ಒಂದು ತಿಂಗಳು ನಿಂತು ನೋಡು ಅಂದಿದ್ದೇನೆ. ಮ್ಯಾನೇಜರಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಪಂದ್ಯ ಕಟ್ಟಿದ್ದೇವೆ. ಎರಡು ವಾರ ಕಳೆದಿದೆ.