ಬದುವಿನ ಮರವೂ ಹೊಲದ ಬೆಳೆಯೂ

ಒಂದು ಸಂಸ್ಥೆಯು ಹೊಸ ಕಾರ್ಯವನ್ನು ಕೈಕೊಳ್ಳುವಾಗ ಅದರಿಂದ ಮಾತೃಸಂಸ್ಥೆಗೆ ಲಾಭವಾಗಬೇಕೆಂಬದನ್ನು ಎಲ್ಲರೂ ಒಪ್ಪುವರು. ಆದರೆ ಲಾಭವೆಂದರೇನು? ಇದನ್ನು ವಿಚಾರಿಸದೆ ಅಸ್ತಿವಾರ ಹಾಕುವವರು ಬಹು ಮಂದಿ.

ರೈತನು ಹೊಲದ ಬದುವಿನ ಮೇಲೆ ತೆಂಗಿನ ಸಸಿಯನ್ನು ನೆಡುವದುಂಟು. ಕಾಯಿ ಮಾರಿದ ಹಣ ಮನೆಗೆ ಬರುವದು ಒಳ್ಳೇದೇ. ಆದರೆ ಮರದ ನೆರಳಿನಿಂದ ರಾಗಿಯ ಪೈರು ಸೊರಗಿದರೆ ಅವನು ಕಾಯಿಗಳನ್ನು ಎಣಿಸಿ ಸಂತೋಷಪಡುವನೋ? ಬದು ಇರುವದು ಹೊಲಕ್ಕೋಸ್ಕರವೇ.

ನಮ್ಮಲ್ಲಿ ಕೂಲಿಗಾಗಿಯೋ ನಂಟರನ್ನು ಕಾಣುವದಕ್ಕೋ ಬೆಂಗಳೂರಿನ ದಕ್ಷಿಣ ಭಾಗಕ್ಕೆ ಹೋದವರು ಜಯನಗರದಲ್ಲಿಯೂ ಬನಶಂಕರಿಯಲ್ಲಿಯೂ ಬಹು ಅಂತಸ್ತಿನ ಬಸ್ ನಿಲ್ದಾಣಗಳನ್ನು ಕಂಡಿರಬಹುದು. 1997ನೆಯ ಇಸವಿಯಲ್ಲಿ ಪ್ರತ್ಯೇಕವಾದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಇವುಗಳನ್ನು ಕಟ್ಟಿಸಿತು. 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯ ಕಾಲದಲ್ಲಿ ಎದ್ದ ಇವುಗಳಿಗೆ ಟಿ.ಟಿ.ಎಂ.ಸಿ. ಎಂದು ಹೆಸರು. ಜನರು ಸ್ವಂತ ವಾಹನವನ್ನು ಅಲ್ಲಿ ನಿಲ್ಲಿಸಿ ಬಸ್ಸನ್ನು ಹತ್ತಬೇಕೆಂಬದು ಒಂದು ಉದ್ದೇಶ. ಅಂಗಡಿ ಕಚೇರಿಗಳ ಬಾಡಿಗೆಯಿಂದ ಸಂಸ್ಥೆಗೆ ಆದಾಯ ಬರಬೇಕೆಂಬದು ಇನ್ನೊಂದು.

ಈ ಎರಡನೆಯದನ್ನು ನಾವು ಹೀನೈಸುವದಿಲ್ಲ. ಯಾಕಂದರೆ ಟಿಕೇಟಿನ ಹಣದಿಂದಲೇ ಎಲ್ಲಾ ವೆಚ್ಚವು ನಡೆಯಬೇಕಾದರೆ ದರವು ಏರುವದು, ಆ ಭಾರವು ಬಡವನ ಮೇಲೆ ಬೀಳುವದು. ಆದರೂ ಕೆಲವು ಕೇಂದ್ರಗಳಲ್ಲಿ ಬಾಡಿಗೆಯ ಸ್ಥಳಗಳು ಖಾಲಿಯಾಗಿ ಉಳಿದವೆಂದು ವೃತ್ತಪತ್ರಿಕೆಗಳು ಬರೆದದ್ದುಂಟು. ಖಾಲಿ ಕೋಣೆಗೆ ಬಾಡಿಗೆ ಬಾರದಿದ್ದರೂ ಅದನ್ನು ಕಾಯುವ ಖರ್ಚು ತಪ್ಪುವದಿಲ್ಲ.

ಇನ್ನೊಂದು ಸಂಗತಿಯುಂಟು. 2017ನೆಯ ಜೂನ್ ತಿಂಗಳಿಂದ ಮೆಟ್ರೋ ರೈಲು ಜಯನಗರ ಬನಶಂಕರಿಗಳ ಮೂಲಕ ಓಡುತ್ತಲಿದೆ. ರೈಲಿನಿಂದ ಇಳಿದವರಿಗೆ ಮುಂದೆ ಬಸ್ಸು ಬೇಕಾಗಿರುವದರಿಂದ ಆ ನಿಲ್ದಾಣಗಳು ಅವರ ಉಪಯೋಗಕ್ಕೆ ಬರಬಹುದು. ಮುಂಜಾನೆ ಮನೆಗೆಲಸಕ್ಕೆ ಹೋಗುವ ತಾಯಿಯು ಬಿಸಿಲು ಮಳೆಗಳಿಂದ ತಪ್ಪಿಸಿಕೊಂಡು ನಿಂತು, ಅರ್ಧ ಗಳಿಗೆ ಮುಂಚೆ ಬಸ್ಸನ್ನು ಹಿಡಿದರೆ, ಆ ಲಾಭವು ಬಾಡಿಗೆಯ ಪುಸ್ತಕದಲ್ಲಿ ಕಾಣದು. ಆದರೆ ಸಂಸ್ಥೆಯು ಹುಟ್ಟಿದ್ದು ಅವಳಿಗೋಸ್ಕರವೇ.

ಹೀಗಿರಲಾಗಿ ಎಣಿಸುವದಕ್ಕೆ ಸುಲಭವಾದದ್ದನ್ನೇ ಲಾಭವೆಂದು ತಿಳಿಯುವದು ದೊಡ್ಡ ತಪ್ಪು. ಎಣಿಕೆಗೆ ಸಿಕ್ಕದ ಒಳ್ಳೇದನ್ನು ನೆವಮಾಡಿ ಹಣದ ಲೆಕ್ಕವನ್ನು ಅಲಕ್ಷ್ಯಮಾಡುವದೂ ತಪ್ಪೇ.

ನಮ್ಮ ಊರಿನ ಹಾಲಿನ ಸಂಘವಾಗಲಿ ಸಹಕಾರ ಸಂಘವಾಗಲಿ ಮಳಿಗೆ ಕಟ್ಟಬೇಕೆಂದು ಕೂಡಿಬರುವಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ಸಂಘವು ಯಾತಕ್ಕಾಗಿ ಹುಟ್ಟಿತು, ಈ ಕಟ್ಟಡವು ಅದಕ್ಕೆ ಹೇಗೆ ಸಹಾಯಕವಾದೀತು? ಬಾಡಿಗೆ ಬಾರದಿದ್ದರೆ ನಷ್ಟವನ್ನು ಹೊರುವವರು ಯಾರು? ಐದು ವರುಷಗಳಾದ ಮೇಲೆ ಲೆಕ್ಕ ನೋಡಿ ನಿಜವನ್ನು ಹೇಳುವವರು ಯಾರು? ಮೂರನೆಯದೇ ಕಠಿಣವಾದದ್ದು, ಯಾಕಂದರೆ ಪ್ರಾರಂಭೋತ್ಸವದ ದಿನ ಹಾರ ಹಾಕಿಸಿಕೊಳ್ಳುವವರು ಅನೇಕರು, ಲೆಕ್ಕದ ದಿನ ಕೂತುಕೊಳ್ಳುವವರು ಕೊಂಚವೇ. ಆ ಕೊಂಚ ಜನರಲ್ಲಿ ನಾವೂ ಇರೋಣ.